ಗಾಳಿ ಟ್ಯಾಂಕಿನ ವಿಭೂತಿ

ಬಾಣಾವರ,
೧೭ ಜುಲೈ ೨೦೨೫

ಪ್ರೀತಿಯ ಅಪ್ಪಾಜಿ,

ಶರಣು. ಮಂಡಿ ಆಪರೇಷನ್ನಿನ ಹೊಲಿಗೆ ಒಣಗಿತೇ? ಪುಷ್ಪಕ್ಕನ ಮನೆಯಲ್ಲಿ ಕೋಲು ಹಿಡಿಯದೆ ನಡೆಯಲು ಹೋಗಿ ಅವಳ ಕೈಲಿ ಬೈಸಿಕೊಳ್ಳುತ್ತಿದ್ದೀರಂತೆ, ಚೆನ್ನಾಗಿ ಬೈಯಲಿ. ಫೋನಿನಲ್ಲಿ ನಾನು ಕಿರುಚುವುದು, ನೀವು "ಆಂ, ಊಟ ಆಯ್ತು" ಎನ್ನುವುದು ಸಾಕಾಗಿದೆ. ಅದಕ್ಕೇ ಈ ಕಾಗದ. ಅಮ್ಮ ಆರಾಮಾಗಿದ್ದಾರೆ. ಆರಾಮಿಲ್ಲದವಳು ನಾನು, ಯಾಕೆಂದು ಹೇಳುತ್ತೇನೆ.

ನಮ್ಮ ತೆಂಗಿನಕಾಯಿ ಪುಡಿ ಮಿಲ್ಲಿನ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿತ್ತಲ್ಲ, ಎಲ್ಲೋ ಗಾಳಿ ಸೋರುತ್ತಿರಬೇಕೆಂದು ಹಾಸನದಿಂದ ಇಂದ್ರೇಶ್ ಎಂಬ ಇಂಜಿನಿಯರನ್ನು ಕರೆಸಿದ್ದೆ. ಅವರು ತಂದದ್ದು ಸದ್ದನ್ನು ತೋರಿಸುವ ಕ್ಯಾಮೆರಾ. ಅದರ ಮುಖದ ತುಂಬ ಪುಟ್ಟ ಪುಟ್ಟ ಮೈಕುಗಳು. ನಮ್ಮ ಕಿವಿಗೆ ಕೇಳದ ಸೋರಿಕೆಯ ಸದ್ದೂ ಪರದೆಯ ಮೇಲೆ ಕೆಂಪು ಮಚ್ಚೆಯಾಗಿ ಕಾಣುತ್ತದೆ. ನಿಮಗೂ ಇಂಥದ್ದೊಂದು ಕೊಡಿಸಿದರೆ ಮನೆಯ ಅರ್ಧ ಜಗಳ ಕಡಿಮೆಯಾಗುತ್ತದೆಂದು ಮನಸ್ಸಿನಲ್ಲೇ ನಕ್ಕೆ. ಪೈಪು, ವಾಲ್ವು ಎಲ್ಲ ನೋಡಿ ಮುಗಿಸಿ, ಗಾಳಿ ತುಂಬಿಡುವ ದೊಡ್ಡ ಟ್ಯಾಂಕಿನ ಕಡೆ ತಿರುಗಿಸಿದರು. ನನ್ನ ನಗು ಅಲ್ಲೇ ನಿಂತಿತು. ಪ್ರತಿ ಸೋಮವಾರ ನೀವು ಪೂಜೆ ಮಾಡಿ ವಿಭೂತಿ ಬಳಿಯುವ ಜಾಗವೇ ಪರದೆಯ ಮೇಲೆ ಕೆಂಪಗೆ ಉರಿಯುತ್ತಿತ್ತು.

ಕಂಪ್ರೆಸರ್ ನಿಲ್ಲಿಸಿ, ಟ್ಯಾಂಕಿನ ಗಾಳಿಯನ್ನೆಲ್ಲ ಹೊರಗೆ ಬಿಡಿಸಿ, ವಿಭೂತಿ ಕೆರೆಯಬೇಕೆಂದರು. ನಮ್ಮ ಹಳೆಯ ಆಪರೇಟರ್ ಕರಿಯಯ್ಯ ಹಿಂದೆ ಸರಿದ. "ಯಜಮಾನ್ರು ಬಳಿದಿದ್ದು, ನಾನು ಕೈ ಹಾಕಾಕಿಲ್ಲ ಕಣವ್ವ" ಎಂದ. ಕೊನೆಗೆ ನಾನೇ ಕೆರೆದೆ. ವರ್ಷಗಳಿಂದ ಒರೆಸದೆ ಒಂದರ ಮೇಲೊಂದು ಬಳಿದದ್ದು ಹಪ್ಪಳದಂತೆ ಎದ್ದು ಬಂತು. ಕೆಳಗೆ ಬರೀ ತುಕ್ಕು. ಒದ್ದೆ ವಿಭೂತಿಯ ತೇವ ಕಬ್ಬಿಣವನ್ನು ತಿಂದುಹಾಕಿದೆ. ಬೆಸುಗೆಯ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಇಂದ್ರೇಶ್ ಮುಖ ಬಿಳಿಚಿಕೊಂಡಿತು. ಇದು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದಿತ್ತು, ಎದುರಿಗೆ ನಿಂತವರು ಉಳಿಯುತ್ತಿರಲಿಲ್ಲ ಎಂದರು. ಎದುರಿಗೆ ನಿಲ್ಲುವವರು ಯಾರು, ಅಪ್ಪಾಜಿ?

ಹೊಸ ಟ್ಯಾಂಕ್ ಬರುವವರೆಗೆ ಮಿಲ್ಲು ನಿಲ್ಲಿಸಿದ್ದೇನೆ. ವಿಭೂತಿ ಕೆರೆದದ್ದಕ್ಕೆ ಬೈಯುವುದಿದ್ದರೆ ಊರಿಗೆ ಬಂದ ಮೇಲೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಪುಷ್ಪಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ಹೇಳಿ.

ನಿಮ್ಮ ಮಗಳು,
ಶಿಲ್ಪಾ

ಅಂಚೆಗೆ ಹಾಕುವ ಮೊದಲು ಇನ್ನೊಂದು ಮಾತು: ಪೂಜೆ ಮುಗಿಸಿ ನೀವು ಟ್ಯಾಂಕಿಗೆ ಹಣೆ ಒತ್ತಿ ನಿಲ್ಲುತ್ತಿದ್ದಿರಿ. "ತಣ್ಣಗೆ ಉಸಿರು ಊದಿದಂಗಾಗ್ತೈತೆ ಕಣವ್ವ, ಶಿವ ಇಲ್ಲೇ ಅವ್ನೆ" ಎನ್ನುತ್ತಿದ್ದಿರಿ. ಆ ಉಸಿರು ಬರುತ್ತಿದ್ದುದು ಈ ಬಿರುಕಿನಿಂದ. ಹೊಸ ಟ್ಯಾಂಕಿಗೆ ಹಣೆ ಇಟ್ಟಾಗ ಏನೂ ತಗಲದಿದ್ದರೆ, ಶಿವ ಹೊರಟುಹೋದ ಎಂದುಕೊಳ್ಳಬೇಡಿ, ಅಪ್ಪಾಜಿ.