ನಾಲ್ಕರ ಎಡಕ್ಕೊಂದು ಗೀಟು

ಕೊರ್ಬೆಲಾ, ಗಲೀಶಿಯಾ
ಮಾರ್ಚ್ 12, ಗುರುವಾರ

ಮುದ್ದಿನ ಸಬೇಲಾ,

ನಿನ್ನೆಯಷ್ಟೇ ಫೋನಿನಲ್ಲಿ ಮಾತಾಡಿದ ಅಮ್ಮ ಇವತ್ತು ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದೇನೆ. ಫೋನಿನಲ್ಲಿ ನೀನು ಒಮ್ಮೆ ಕೆಮ್ಮಿದರೂ ಸಾಕು, ಹೇಳಬೇಕಾದ್ದನ್ನು ಬಿಟ್ಟು ನಾನು ಕಷಾಯದ ಮಾತಿಗೆ ಇಳಿಯುತ್ತೇನೆ. ಕಾಗದ ಕೆಮ್ಮುವುದಿಲ್ಲ, ಅದಕ್ಕೇ ಇದು.

ಭಾನುವಾರ ಮೀನು ಹರಾಜಿನ ಕಟ್ಟಡದಲ್ಲಿ ನೀನು ಅಳಿವೆಯ ಆರೋಗ್ಯದ ವರದಿ ಓದಿದೆಯಲ್ಲ, ನಾನು ಎರಡನೇ ಸಾಲಿನಲ್ಲಿದ್ದೆ. ನೀರಿನ ಬಿಸಿ, ಉಪ್ಪು, ಕೆಸರು ಎಲ್ಲ ಹೇಳಿ ಮುಗಿಸಿ ಕಪ್ಪೆಚಿಪ್ಪಿನ ಲೆಕ್ಕಕ್ಕೆ ಬಂದೆ. ನಮ್ಮ ಕೊಕ್ಕರೆ ದಿಬ್ಬಕ್ಕೆ ಹಸಿರು ಬಣ್ಣ ಬಿತ್ತು, ಚಿಪ್ಪು ತೆಗೆಯಬಹುದು ಎಂದು. ಯಾರೋ ಹಿಂದಿನಿಂದ, ಇದು ನಂಬುವಂಥ ಲೆಕ್ಕವೇ ಎಂದು ಕೇಳಿದ್ದಕ್ಕೆ ನೀನು, “ಇದು ನಮ್ಮಮ್ಮ ಕಳಿಸಿದ ಲೆಕ್ಕ. ನಾನು ಕಣ್ಣು ಮುಚ್ಕೊಂಡು ನಂಬ್ತೀನಿ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಚಿಪ್ಪು ಹೆಕ್ಕುವವರ ಸಂಘದ ಡೆಲ್ಫಿನಾ ಖುಷಿಗೆ ನನ್ನ ತೊಡೆ ಚಿವುಟಿದಳು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟಬಾರದಿತ್ತು.

ಮೂರು ವರ್ಷದ ಹಿಂದೆ ಆ ಕಬ್ಬಿಣದ ಚೌಕಟ್ಟು ಕೊಟ್ಟು ನೀನೇ ಹೇಳಿಕೊಟ್ಟಿದ್ದೆ. ನೀರಿಳಿದಾಗ ದಿಬ್ಬದ ಮೇಲೆ ಹತ್ತು ಕಡೆ ನಿಲ್ಲಬೇಕು, ಬೆನ್ನು ತಿರುಗಿಸಿ ಭುಜದ ಮೇಲಿಂದ ಎಸೆಯಬೇಕು, ಬಿದ್ದಲ್ಲಿ ಅಗೆದು ಎಣಿಸಬೇಕು. ದೇವರಾಣೆ, ನಾನು ಬೆನ್ನು ತಿರುಗಿಸಿಯೇ ಎಸೆದೆ. ಆದರೆ ಸಬೇಲಾ, ನಲವತ್ತೊಂದು ವರ್ಷ ಆ ಕೆಸರು ತುಳಿದ ಕಾಲು ಇದು. ಚಿಪ್ಪಿಲ್ಲದ ಕಡೆ ಅದು ನಿಲ್ಲುವುದೇ ಇಲ್ಲ. ಎಲ್ಲಿ ನಿಂತರೂ ಹತ್ತೊಂಬತ್ತು, ಇಪ್ಪತ್ತು. ದಿಬ್ಬ ತುಂಬಿದೆ ಎಂದು ಹಿಗ್ಗುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ.

ಜನವರಿಯಲ್ಲಿ ನನ್ನ ಮಂಡಿ ಊದಿಕೊಂಡಿತು. ನನ್ನ ಬದಲು ಇರಿಯಾ ಹೋದಳು. ಗೊತ್ತಲ್ಲ, ಬೆಟ್ಟದ ಕಡೆಯಿಂದ ಮದುವೆಯಾಗಿ ಬಂದವಳು, ಕೈಗುದ್ದಲಿಯನ್ನು ಸಾರಿನ ಸೌಟಿನಂತೆ ಹಿಡಿಯುವವಳು. ಅವಳು ತಂದ ಹಾಳೆಯಲ್ಲಿ ನಾಲ್ಕು, ಆರು, ಮೂರು, ಒಂದು ಕಡೆ ಬರೀ ಸೊನ್ನೆ. ದಿಬ್ಬದಲ್ಲಿ ಚಿಪ್ಪೇ ಇಲ್ಲ ಅಂದಳು. “ಕುಣಿಯಲಾರದವಳಿಗೆ ನೆಲ ಡೊಂಕಂತೆ” ಎಂದು ಡೆಲ್ಫಿನಾ ಹಂಗಿಸಿದಳು. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎರಡು ತಿಂಗಳು ಆ ಹುಡುಗಿಗೆ ಡೊಂಕಮ್ಮ ಎಂದೇ ಹೆಸರು.

ನಾನು ನಗಲಿಲ್ಲ. ಚಳಿಗಾಲದ ಮಳೆಗೆ ಹೊಳೆ ಉಕ್ಕಿ ಐದು ವಾರ ಅಳಿವೆಯ ನೀರು ಸಪ್ಪೆಯಾಗಿತ್ತು. ಅಷ್ಟು ದಿನ ಸಪ್ಪೆ ನೀರು ನಿಂತರೆ ಚಿಪ್ಪು ಬಾಯಿ ಬಿಟ್ಟು ಸಾಯುತ್ತದೆ ಎಂದು ನನಗೆ ತಿಳಿಯದೇ? ಅವಳ ಕಾಲಿಗೆ ಏನೂ ಗೊತ್ತಿರಲಿಲ್ಲ, ಅದಕ್ಕೇ ಅವಳ ಲೆಕ್ಕ ನಿಜವಾಗಿತ್ತು. ಹಾಳೆಯನ್ನು ನಿನಗೆ ಕಳಿಸುವ ಮೊದಲು ಅಡುಗೆಮನೆಯಲ್ಲಿ ಕೂತು ನಾಲ್ಕರ ಎಡಕ್ಕೆ ಒಂದು ಗೀಟು ಎಳೆದೆ. ಹದಿನಾಲ್ಕಾಯಿತು. ಆರರ ಎಡಕ್ಕೊಂದು, ಮೂರರ ಎಡಕ್ಕೊಂದು. ಸೊನ್ನೆಗೂ ಎಳೆದೆ, ಹತ್ತಾಯಿತು. ಬೇಳೆ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಯಾಕೆ ಎಂದು ಕೇಳುತ್ತೀ. ಬಣ್ಣ ಕೆಂಪಾದರೆ ದಿಬ್ಬ ಒಂದು ವರ್ಷ ಮುಚ್ಚುತ್ತದೆ, ಇಪ್ಪತ್ಮೂರು ಹೆಂಗಸರು ಕೈಕಟ್ಟಿ ಕೂರಬೇಕು. ಅದು ಒಂದು ಕಾರಣ. ಇನ್ನೊಂದು ಹೇಳಲು ನಾಚಿಕೆ. ಮೂರು ವರ್ಷ ನಾನು ಕಳಿಸಿದ್ದು ಸುಳ್ಳು ಲೆಕ್ಕ ಎಂದು ಒಬ್ಬ ಡೊಂಕಮ್ಮನ ಹಾಳೆ ಹೇಳುವುದು ನನಗೆ ಬೇಕಿರಲಿಲ್ಲ.

ಮಂಗಳವಾರ ಇರಿಯಾಳನ್ನು ಕರೆದುಕೊಂಡು ದಿಬ್ಬಕ್ಕೆ ಹೋದೆ. ತಲೆವಸ್ತ್ರದಿಂದ ನನ್ನ ಕಣ್ಣು ಕಟ್ಟಿಸಿಕೊಂಡೆ. ನಾಲ್ಕು ಸುತ್ತು ತಿರುಗಿಸಿ ನಿನಗೆ ತೋಚಿದ ಕಡೆ ನಿಲ್ಲಿಸು ಎಂದೆ. ಅರವತ್ತನಾಲ್ಕು ವರ್ಷದ ಮುದುಕಿ ಕಣ್ಣಾಮುಚ್ಚಾಲೆ ಆಡುವುದನ್ನು ನೋಡಿ ಕಡಲಹಕ್ಕಿಗಳೂ ನಕ್ಕಿರಬೇಕು. ಹತ್ತು ಸಲ ಎಸೆದೆ. ಮೂರು, ಸೊನ್ನೆ, ಎರಡು, ಐದು... ಎಲ್ಲ ಸೇರಿದರೂ ಒಂದು ಹಿಡಿ. ಅಲ್ಲೇ ಕೆಸರಿನಲ್ಲಿ ನಿಂತು ಗೀಟಿನ ವಿಷಯ ಅವಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು: “ಹಂಗಾದ್ರೆ ನಾನು ಎಣಿಸಿದ್ದು ಸರಿ ಇತ್ತಾ ಅಮ್ಮಾ?” ಹೌದು ಎಂದೆ. ಆ ಹುಡುಗಿ ಬೂಟುಗಾಲಿನಲ್ಲೇ ಕುಕ್ಕರಿಸಿ ಅತ್ತಳು. ನನಗೂ ಅಳು ಬಂತು.

ನಿನ್ನ ವರದಿ ನಂಬಿ ಸೋಮವಾರ ದಿಬ್ಬ ತೆರೆಯುತ್ತಾರೆ. ತೆರೆದರೆ ಉಳಿದಿರುವ ಒಂದು ಹಿಡಿಯನ್ನೂ ಎರಡೇ ವಾರದಲ್ಲಿ ನಾವೇ ಬಳಿದು ಮುಗಿಸುತ್ತೇವೆ. ಮರಿ ಹಾಕಲು ತಾಯಿಚಿಪ್ಪೇ ಇಲ್ಲದಿದ್ದರೆ ಬರುವ ವರ್ಷ ಯಾವ ಹಸಿರು, ಯಾವ ಕೆಂಪು? ಶನಿವಾರ ಸಂಘದ ಸಭೆಯಿದೆ. ಎದ್ದು ನಿಂತು ಎಲ್ಲ ಹೇಳುತ್ತೇನೆ. ಡೆಲ್ಫಿನಾ ನನ್ನ ಮುಖ ನೋಡುವುದು ಬಿಡಬಹುದು, ಬಿಡಲಿ. ನೀನು ಅಷ್ಟರೊಳಗೆ ಬಣ್ಣ ಬದಲಿಸು. ನಿನ್ನ ಹೆಸರಿಗೆ ಕಪ್ಪು ಹತ್ತುತ್ತದೆ ಎಂದು ಗೊತ್ತು ಮಗಳೇ. ಹಚ್ಚಿದವಳು ನಾನು ಎಂದು ನಿನ್ನ ಮೇಲಿನವರಿಗೆ ಈ ಕಾಗದವನ್ನೇ ತೋರಿಸು. ಇನ್ನು ಮುಂದೆ ಚೌಕಟ್ಟು ಇರಿಯಾ ಎಸೆಯುತ್ತಾಳೆ. ಅವಳ ಕಾಲಿಗೆ ಬುದ್ಧಿ ಬರುವ ಹೊತ್ತಿಗೆ ಇನ್ನೊಬ್ಬ ಹೊಸಬಳನ್ನು ಹುಡುಕಿಕೊಳ್ಳಿ.

ನಾಳೆ ಬೆಳಗಿನ ಬಸ್ಸಿನ ಚಾಲಕನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಜೊತೆಗೆ ಟರ್ನಿಪ್ ಸೊಪ್ಪೂ ಇದೆ, ಬಾಡಲು ಬಿಡಬೇಡ.

ನಿನ್ನ ಅಮ್ಮ,
ಒಬ್ದೂಲಿಯಾ

ತಾ.ಕ.: ಇದರ ಜೊತೆ ಇಡೋಣವೆಂದು ಜನವರಿಯ ಹಾಳೆಯನ್ನು ಈಗಷ್ಟೇ ಸಂಘದ ಕಪಾಟಿನಿಂದ ತಂದೆ. ವರದಿಯ ಕಟ್ಟಿನ ಜೊತೆ ನೀನು ವಾಪಸು ಕಳಿಸಿದ್ದೆಯಲ್ಲ, ಅದೇ. ಕನ್ನಡಕ ಹಾಕಿಕೊಂಡು ನೋಡಿದೆ. ನಾನು ಎಳೆದ ಒಂದೊಂದು ಗೀಟಿನ ಸುತ್ತಲೂ ಪೆನ್ಸಿಲಿನಲ್ಲಿ ತೆಳ್ಳಗೆ ಒಂದು ಸುತ್ತು ಇದೆ. ಶಾಲೆಗೆ ಹೋಗುವಾಗ ನೀನು ಗೆಳತಿಯರ ಲೆಕ್ಕ ತಪ್ಪಿದ್ದರೆ ಹೀಗೇ ಸುತ್ತು ಹಾಕಿ, ಅವರಿಗೆ ಬೇಜಾರಾಗುತ್ತದೆಂದು ಬಾಯಿ ಬಿಡದೆ ಪುಸ್ತಕ ಕೊಡುತ್ತಿದ್ದೆ. ಹಾಗಾದರೆ ಭಾನುವಾರ ನೀನು ಕಣ್ಣು ಮುಚ್ಚಿಕೊಂಡಿರಲಿಲ್ಲ. ಇನ್ನು ಮೇಲೆ ನನ್ನನ್ನು ಕೇಳು ಸಬೇಲಾ. ಬೇಜಾರಾದರೆ ಆಗಲಿ.