ಉಪ್ಪಿನ ಗಡಿಗಿ ಹುಡುಕಬ್ಯಾಡ್ರಿ

ನಮ್ಮ ಮನಿಯವರಿಗೆ,

ನಿದ್ದಿ ಹತ್ತಿತ್ತು, ಅದಕ್ಕ ಎಬ್ಬಿಸಲಿಲ್ಲ. ಮೊದಲನೇ ಬಸ್ಸಿಗೆ ಲಕ್ಕುಂಡಿಗೆ ಹೊಂಟೀನಿ. ಮೊಮ್ಮಗಳನ್ನ ತೊಟ್ಟಿಲಿಗೆ ಹಾಕಿ ಸಂಜಿಗೆ ಬರ್ತೀನಿ.

ರೊಟ್ಟಿ ಬುಟ್ಟ್ಯಾಗ ಅದಾವ. ಬದನಿಕಾಯಿ ಪಲ್ಯಾ ಸಪ್ಪಗೈತಿ, ಲಿಂಬಿಹಣ್ಣು ಹಿಂಡಿಕೊಂಡು ಉಣ್ರಿ. ಉಪ್ಪಿನ ಗಡಿಗಿ ಹುಡುಕಬ್ಯಾಡ್ರಿ, ಬಾಜೂಮನಿ ಹುಚ್ಚವ್ವನ ಕಡೆ ಕೊಟ್ಟೀನಿ. ನೀವು ಕಾಲು ಹಿಡಿದ್ರೂ ಆಕಿ ಕೊಡಂಗಿಲ್ಲ.

ಇವತ್ತ ಕನ್ನಡದವರೆಲ್ಲಾ ಒಂದಾದ್ರಂತ ಓಣ್ಯಾಗ ಪೇಢೆ, ಮಿರ್ಚಿಭಜಿ ಹಂಚ್ತಾರ. ಪೇಢೆ ತಿನ್ರಿ. ನಾಡು ಒಂದಾಗ್ಲಿ, ನೀವೂ ಭಜಿನೂ ಒಂದಾಗೋದು ಬ್ಯಾಡ.

ಲಿವರ್ ಕೆಟ್ಟು ಹೊಟ್ಟ್ಯಾಗ ನೀರು ತುಂಬಿದವರಿಗೆ ಉಪ್ಪು ಬಿಡಿಸಿದ್ರ ನೀರು ಇಳಿತೈತೇನು ಅಂತ ಡಾಕ್ಟರ್ ಸಾಹೇಬರು ನಿಮ್ಮಂಥವರನ್ನ ಇಟ್ಟುಕೊಂಡು ಸಂಶೋಧನಾ ಮಾಡಾಕತ್ತಾರ. ನೀವು ಹ್ವಾದ ಸಲದಂಗ ಕದ್ದು ಉಪ್ಪಿನಕಾಯಿ ತಿಂದ್ರ ಅವರ ಲೆಕ್ಕಾನೂ ಕೆಡತೈತಿ, ಮತ್ತ ಹೊಟ್ಟಿಗೆ ಸೂಜಿ ಚುಚ್ಚಿ ನೀರು ತಗಿಸಿಕೊಳ್ಳೋದೂ ತಪ್ಪಂಗಿಲ್ಲ. ಅವತ್ತ ನೀವು ಒದರಿದ್ದು ಓಣಿಗೆಲ್ಲಾ ಕೇಳಿತ್ತು.

ಮಧ್ಯಾಹ್ನ ಕಂಪೌಂಡರು ಟೇಪ್ ಹಿಡಕೊಂಡು ಹೊಟ್ಟಿ ಅಳಿಯಾಕ ಬರ್ತಾರ. ಮಗ್ಗದ ಕುಣಿಯಾಗ ಇಳಿದು ಕುಂಡ್ರಬ್ಯಾಡ್ರಿ, ಕೈಗೆ ಸಿಗ್ರಿ.

ಇನ್ನೊಂದು ಮಾತು. ಬ್ಯಾಸಿಗ್ಯಾಗ ನಿಮ್ಮ ಉಡದಾರ ಉಬ್ಬಿದ ಹೊಟ್ಟ್ಯಾಗ ನಟ್ಟಿತ್ತು, ನಾನ ಅಳಕೋತ ಕತ್ತರಿಸಿ ಉದ್ದಂದು ಕಟ್ಟಿದ್ದೆ. ಈಗ ಹೊದಿಕಿ ಹೊಚ್ಚಬೇಕಾದ್ರ ನೋಡಿದೆ, ಅದು ಸಡಲಾಗಿ ಟೊಂಕಕ್ಕ ಜಾರೇತಿ. ಕೈ ಹಾಕಿ ನೋಡಿದೆ, ಖರೇನ ಸಡಲಾಗೇತಿ. ಉಡದಾರ ಜಾರೂದು ಚಲೋ ಅಲ್ಲಂತ ಎದ್ದ ಕೂಡಲೆ ಗಂಟು ಬಿಗಿಬ್ಯಾಡ್ರಿ. ಕಂಪೌಂಡರು ನೋಡ್ಲಿ. ಸಂಜಿಗೆ ಬಂದು ನಾನ ಬಿಗಿತೀನಿ.

ಸಾವಕ್ಕ