ಅವತ್ತು ಹಾಕದ ಸಹಿ

ಅಕ್ಕಾ,

ನೀನು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಾನು ಮಧುಗಿರಿ ಬಸ್ಸು ಹತ್ತಿರುತ್ತೇನೆ. ಮುದ್ದೆ ಮಾಡಿಟ್ಟಿದ್ದೇನೆ, ಬಿಸಿಯಿರುವಾಗಲೇ ಉಣ್ಣು. ಕರುವಿಗೆ ನೀರು ಕುಡಿಸಿಲ್ಲ.

ಕುಡಿದ ಮತ್ತಿನಲ್ಲಿ ನಾನು ಕರೀಮ್ ಸಾಬರ ಕಾಲಿನ ಮೇಲೆ ಆಟೋ ಹತ್ತಿಸಿದಾಗ ನೀನು ಜಾಮೀನಿಗೆ ಸಹಿ ಹಾಕಲಿಲ್ಲ. "ಈಚೆ ಬಂದ್ರೆ ಮತ್ತೆ ಕುಡೀತಾನೆ, ಒಳಗೇ ಇರ್ಲಿ ಬುಡಿ ಸಾರ್" ಅಂದುಬಿಟ್ಟೆ. ಕೋರ್ಟಿನಲ್ಲೇ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಆದರೂ ನೀನು ವಾರವಾರ ಜೈಲಿಗೆ ನನ್ನನ್ನು ನೋಡಲು ಬಂದೆ. ಮೂರು ತಿಂಗಳಲ್ಲಿ ನಾನು ಕುಡಿತ ಬಿಟ್ಟ ಮೇಲೆ ನೀನೇ ಸಹಿ ಹಾಕಿ ಕರೆತಂದೆ. ಅವತ್ತೇ ಹಾಕಿದ್ದರೆ ನಾನು ಕುಡಿದೇ ಸಾಯುತ್ತಿದ್ದೆ. ಇದನ್ನು ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆದೆ.

ವಕೀಲರು ಬೇಡವೆಂದರೂ ಇವತ್ತು ಮಧುಗಿರಿ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳುತ್ತೇನೆ. ಶಿಕ್ಷೆಯಾದರೆ ಅಳಬೇಡ ಕಣಕ್ಕಾ. ಈ ಸಲ ಕುಡಿಯದೆ, ನನ್ನ ಕಾಲಲ್ಲೇ ನಾನು ನಡೆದು ಒಳಗೆ ಹೋಗುತ್ತೇನೆ.

ನಿನ್ನ ತಮ್ಮ ಚಿರಂಜೀವಿ